ಅಗ್ನಿಶಿಖೆಯ ಬುಡ

ಅಗ್ನಿಶಿಖೆ ಹೂ ಬಿಡುವ ಭಾದ್ರಪದದಲ್ಲಿ ಇದು ನಡೆದದ್ದು.

ಚೆನ್ನಾಜಮ್ಮನ ಕಾಲಿನ ಗಂಟುಗಳು ಊದಿದ್ದವು. ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಇದ್ದವನು ಒಬ್ಬನೇ ಮಗ, ಮಾಯಿಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು.

ಸಕ್ಕರೆ ಗುಳಿಗೆಯ ಹೋಮಿಯೋಪತಿ ಡಾಕ್ಟರು ಬಂದು ನೋಡಿದರು.

"ಅಗ್ನಿಶಿಖೆ ಗೆಡ್ಡೆ ತರಿಸಮ್ಮ. ಲಿಲಿ ಬಳಗದ ಬಳ್ಳಿ. ಹಾಗೇ ತಿಂದ್ರೆ ಕೈಕಾಲು ಸೆಟೆದು ಸಾಯ್ತಾರೆ. ಅದರ ಒಂದು ತೊಟ್ಟು ರಸಕ್ಕೆ ತೊಂಬತ್ತೊಂಬತ್ತು ತೊಟ್ಟು ಸ್ಪಿರಿಟ್ಟು ಸೇರಿಸಿ ಕುಲುಕ್ತೀನಿ. ಅದರಲ್ಲಿ ಒಂದು ತೊಟ್ಟು ತೆಗೆದು ಮತ್ತೆ ಹಾಗೇ. ಆಗ ಅದೇ ಔಷಧಿ. ನಮ್ಮಲ್ಲಿ ಅಂಥದ್ದಕ್ಕೆ ಅಂಥದ್ದೇ."

"ಹೋಗೋ ಮಗ, ಅಗ್ನಿಶಿಖೆ ತಾ" ಎಂದಳು ಚೆನ್ನಾಜಮ್ಮ.

ಹೋದ. ತಂದ. ಪಂಚೆ ತುಂಬ ಹೂ.

"ಅಯ್ಯೋ ಪೆದ್ದೇ! ಹೂ ಯಾರಿಗೋ ಬೇಕು? ಮೇಲಿರೋದನ್ನ ಮುಟ್ಬೇಡ. ಬುಡದಲ್ಲಿ, ಮಣ್ಣೊಳಗೆ ಇರೋದನ್ನ ತಾ!"

"ಸರಿ ಅವ್ವ."

ಬಳ್ಳಿ ಹಬ್ಬಿದ್ದು ಸ್ಮಶಾನದ ಬೇಲಿಗೆ. ಹೋದ. ಬಳ್ಳಿ ಮುಟ್ಟಲಿಲ್ಲ. ಬುಡದ ಪಕ್ಕ ಅಗೆದ. ತಂದ.

"ಏನೋ ಇದು?"

"ಮಣ್ಣೊಳಗೆ ಇದ್ದದ್ದು ಅವ್ವ. ಕವಲು ಕವಲಾಗಿದೆ."

ಅದು ಮೂಳೆಯ ಕೈ.

"ಅಯ್ಯೋ ಕುಲಗೇಡಿ! ಗೆಡ್ಡೆಗೆ ಕವಲು ಎರಡು, ನೇಗಿಲಿನಂಗೆ! ಇದಕ್ಕೆಷ್ಟು? ಐದು! ಎಣಿಸೋಕೆ ಏನ್ ಬಂದಿತ್ತು ನಿಂಗೆ? ಕೈಗೆ ಏನೇ ಸಿಕ್ಲಿ, ಮೊದಲು ಎಣಿಸು! ಬಿಸಾಕು ಹೊಳೆಗೆ! ಇನ್ನೊಬ್ಬರ ಜಾಗದಲ್ಲಿ ತೆಗೆಯೋವಾಗ ಕೇಳಿ ತೆಗಿ!"

"ಸರಿ ಅವ್ವ."

ಹೊಳೆಗೆ ಎಸೆದ. ಮತ್ತೆ ಹೋದ. ಈ ಸಲ ತಂದದ್ದು ಗೆಡ್ಡೆಯೇ. ಕವಲು ಎರಡು.

"ಕೇಳಿ ತೆಗೆದೆ ಅವ್ವ."

"ಅಲ್ಲಿ ಯಾರವ್ರೆ ಕೇಳೋಕೆ?"

"ಕೆಳಗಿರೋರು."

ಚೆನ್ನಾಜಮ್ಮನಿಗೆ ಬೈಗುಳ ಮರೆತುಹೋಯಿತು. "ಏನಂದ್ರು?"

"ತಗೊಂಡೋಗು, ಮೊದಲು ತಗೊಂಡಿದ್ದನ್ನ ಕೊಡು ಅಂದ್ರು."

ಡಾಕ್ಟರು ಅರೆದರು, ಬೆರೆಸಿದರು, ಕುಲುಕಿದರು. ಗುಳಿಗೆ ನಾಲಿಗೆಯ ಮೇಲೆ ಕರಗಿತು. ಅಮಾವಾಸ್ಯೆ ಹೊತ್ತಿಗೆ ಚೆನ್ನಾಜಮ್ಮ ಹೊಸಿಲು ದಾಟಿದಳು. ಮಾಯಿಗ ಮಾತ್ರ ಊಟ ಬಿಟ್ಟಿದ್ದ.

"ಬೇಲಿ ಹತ್ರ ಹೋದ್ರೆ ಕೊಡು ಕೊಡು ಅಂತಾರೆ ಅವ್ವ."

"ಕೊಟ್ಟು ಬಾರೋ ಅತ್ತ! ಡಾಕ್ಟ್ರು ಹೇಳಿಲ್ವಾ, ಅಂಥದ್ದಕ್ಕೆ ಅಂಥದ್ದೇ. ತಗೊಂಡಂಥದ್ದೇ ಒಂದು ಹೂತು ಬಾ!"

ಅವಳು ಅಂದದ್ದು ಗೆಡ್ಡೆಗೆ.

"ಸರಿ ಅವ್ವ."

ಹೋದ. ಬರಲಿಲ್ಲ. ಹೊತ್ತು ಇಳಿಯಿತು. ವಾಸಿಯಾದ ಕಾಲಲ್ಲಿ ಅವಳು ಸ್ಮಶಾನಕ್ಕೆ ಓಡಿದಳು.

ಮಾಯಿಗ ಬಳ್ಳಿಯ ಬುಡದಲ್ಲಿ ಬೋರಲು ಮಲಗಿದ್ದ. ಬಲಗೈ ಭುಜದವರೆಗೆ ಮಣ್ಣೊಳಗೆ. ಅಗ್ನಿಶಿಖೆಯ ಎಲೆತುದಿ ಸುರುಳಿಯಾಗಿ, ಸಿಕ್ಕಿದ್ದನ್ನು ಹಿಡಿಯುತ್ತದೆ. ಅವನ ಕಿವಿಯನ್ನು ಹಿಡಿದಿತ್ತು.

"ಏನ್ ಮಾಡ್ಕೊಂಡ್ಯೋ!"

"ಕೊಟ್ಟೆ ಅವ್ವ. ಕೈಗೆ ಕೈ."

"ತೆಗಿಯೋ ಹೊರಗೆ!" ಹೆಗಲು ಹಿಡಿದು ಎಳೆದಳು. ಬರಲಿಲ್ಲ.

"ಹಿಡ್ಕೊಂಡವ್ರೆ ಅವ್ವ."

"ಬೇರು ಕಣೋ! ಗೆಡ್ಡೆ ಕವಲಿಗೆ ಸಿಕ್ಕಾಕ್ಕೊಂಡಿದೆ. ಬರೀ ಗೆಡ್ಡೆ ಕಣೋ!"

"ತಾಳು ಅವ್ವ. ಎಣಿಸ್ತೀನಿ."

ಮಾಯಿಗ ಕಣ್ಣು ಮುಚ್ಚಿದ. ತುಟಿ ಅಲುಗಿತು.

"ಐದು."