ಬುಟ್ಟಿಯ ಮೇಲಿನ ಕಲ್ಲು

ಮಗಳ ಹೆರಿಗೆಗೆಂದು ಪರವೂರಿಗೆ ಹೊರಟ ದ್ಯಾಮವ್ವ, ಕಾವಿಗೆ ಕೂತ ತನ್ನ ಕೋಳಿಯನ್ನು ಮೊಟ್ಟೆಗಳ ಸಮೇತ ಹೊಳೆದಂಡೆಯ ಆಶ್ರಮಕ್ಕೆ ತಂದಳು.

"ಅಜ್ಜಾರ, ನಾ ಬರೂತನಕ ಇದನ್ನ ನೋಡ್ಕೋರಿ. ಹೊತ್ತು ಮುಳುಗಿದ ಕೂಡ್ಲೆ ಬುಟ್ಟಿ ಮುಚ್ಚಿ ಮ್ಯಾಲ ಕಲ್ಲ ಇಡ್ರಿ. ಕಾಡಬೆಕ್ಕಿನ ಕಾಟ ಭಾಳ ಐತಿ."

"ಆಗಲಿ ಬಿಡವ್ವಾ," ಎಂದರು ಗುರುಗಳು.

ಶಿಷ್ಯ ಚೆನ್ನವೀರ ಮೂಗು ಮುರಿದ. "ಆಶ್ರಮದಾಗ ಕೋಳಿ ಏನ್ರಿ ಅಜ್ಜಾರ?"

"ನಿನಗಿಂತ ಚಲೋ ಕೂತೈತಿ. ನೋಡಿ ಕಲಿ."

ಕಲ್ಲಿಡುವ ಕೆಲಸ ಅವನ ಪಾಲಿಗೇ ಬಂತು.

ಮೊಟ್ಟೆ ಒಡೆದು ಮರಿಗಳು ಹೊರಬಂದವು. ಒಂದು ಮಧ್ಯಾಹ್ನ ಹದ್ದಿನ ನೆರಳು ಅಂಗಳದ ಮೇಲೆ ಹಾಯಿತು. ಕೋಳಿ ಕೂಗಿದ್ದೇ ಮರಿಗಳೆಲ್ಲ ಓಡಿಬಂದು ರೆಕ್ಕೆಯಡಿ ಸೇರಿದವು. ಕರೆದರೂ ಬಾರದೆ ಕಸ ಕೆದರುತ್ತಿದ್ದ ಒಂದು ಮರಿಯ ಹತ್ತಿರ ಕೋಳಿಯೇ ಹೋಗಿ ಅದನ್ನೂ ಮುಚ್ಚಿಕೊಂಡಿತು. ಚೆನ್ನವೀರ ನೋಡುತ್ತ ನಿಂತಿದ್ದ.

ಕೆಲ ದಿನಗಳಲ್ಲಿ ಪೇಟೆಯ ಭಕ್ತರು ಬರುವ ಸುದ್ದಿ ಬಂತು. ಬೆಳ್ಳಗಿನ ಪಂಚೆ ಉಟ್ಟು ಅವರೆದುರು ಕಣ್ಮುಚ್ಚಿ ಕೂರಬೇಕೆಂದು ಚೆನ್ನವೀರನಿಗೆ ಭಾರಿ ಆಸೆ. ಅವರು ಬರುವ ಹಿಂದಿನ ದಿನ, ಬಟ್ಟೆ ಒಗೆಯಲು ಹದವಾಗಿದೆ ಎಂದು ಬುಟ್ಟಿಯ ಕಲ್ಲನ್ನೇ ಹೊಳೆಗೆ ಹೊತ್ತೊಯ್ದ. ಪಂಚೆ ಬೆಳ್ಳಗಾಯಿತು, ಕಲ್ಲು ಅಲ್ಲೇ ಉಳಿಯಿತು.

ಸಂಜೆ ಬುಟ್ಟಿ ಮುಚ್ಚುವಾಗ ಕಲ್ಲು ನೆನಪಾಯಿತು. ಒಂದು ದಿನಕ್ಕೆ ಏನಾದೀತು ಎಂದುಕೊಂಡು ಒಳಗೆ ಹೋದ.

ಬೆಳಗ್ಗೆ ಬುಟ್ಟಿ ಉರುಳಿತ್ತು. ಅಂಗಳದ ತುಂಬ ಪುಕ್ಕ. ಕೋಳಿ ಇಲ್ಲ. ಮರಿಗಳು ಕಟ್ಟಿಗೆಯ ಸಂದಿಯಲ್ಲಿ ಅಡಗಿ ಚಿಂವ್‌ಗುಟ್ಟುತ್ತಿದ್ದವು.

"ಕಲ್ಲ ಇಟ್ಟಿದ್ದಿಯೇನು?" ಗುರುಗಳು ಕೇಳಿದರು.

"ಇಟ್ಟಿದ್ನಿರಿ. ಬೆಕ್ಕು ಉರುಳಿಸಿರಬೇಕು."

ಗುರುಗಳು ಸ್ನಾನಕ್ಕೆ ಹೊಳೆಗೆ ಹೋದರು. ಬರುವಾಗ ಅವರ ಹೆಗಲ ಮೇಲೆ ಕಲ್ಲಿತ್ತು. ಬುಟ್ಟಿಯ ಪಕ್ಕ ಇಳಿಸಿ ಮೈ ಒರೆಸಿಕೊಂಡರು.

ಚೆನ್ನವೀರನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಭಕ್ತರು ಬಂದರು. ಅವರ ಹಿಂದೆಯೇ ದ್ಯಾಮವ್ವನೂ ಬಂದಳು. ಪುಕ್ಕ ಕಂಡದ್ದೇ ತಲೆಯ ಮೇಲೆ ಕೈಹೊತ್ತಳು.

"ಕಲ್ಲ ಇಡ್ರಿ ಅಂತ ಹೇಳಿದ್ನೆಲ್ಲರಿ! ನನ್ನ ಹೊಟ್ಟಿ ತುಂಬಸೂ ಕೋಳಿ ಅದು. ನಿಮ್ಮನ್ನ ನಂಬಿ ಬಿಟ್ಟಹೋಗಿದ್ನಿ!"

ಭಕ್ತರೆದುರೇ ಗುರುಗಳು ಅವಳಿಗೆ ಕೈಮುಗಿದರು. "ಕಲ್ಲ ಇಡಲಿಲ್ಲವ್ವಾ. ತಪ್ಪ ನಂದು."

ಚೆನ್ನವೀರ ಬೆಳ್ಳಗಿನ ಪಂಚೆಯಲ್ಲಿ ಅಲ್ಲೇ ನಿಂತಿದ್ದ. ದ್ಯಾಮವ್ವ ಕಣ್ಣೊರೆಸಿಕೊಂಡು ಮರಿಗಳನ್ನು ಸೆರಗಿಗೆ ಹಾಕಿಕೊಂಡು ಹೊರಟಳು.

ಭಕ್ತರು ಒಳಗೆ ಹೋದ ಮೇಲೆ ಅವನು ಗುರುಗಳ ಕಾಲು ಹಿಡಿದ. "ನಾಚಿಕಿ ಆಗ್ತೈತ್ರಿ ಅಜ್ಜಾರ. ಸುಳ್ಳ ಹೇಳಿದ್ನಿ. ನನ್ನ ತಪ್ಪ ನೀವ್ಯಾಕ ಹೊತ್ಕೊಂಡ್ರಿ?"

"ಅವತ್ತ ಹದ್ದ ಬಂದಾಗ ಕೋಳಿ ಏನ ಮಾಡ್ತು?"

"ಮರಿಗಳ್ನ ಮುಚ್ಕೊಂಡ್ತು. ಕರದರೂ ಬರಲಾರದ ಮರೀನೂ ಮುಚ್ಕೊಂಡ್ತು."

"ಅದ ಮರಿ ಬೆಳದ ಮ್ಯಾಲ ಕೋಳಿ ಏನ ಮಾಡ್ತೈತಿ?"

"ಗೊತ್ತಿಲ್ರಿ."

ಗುರುಗಳು ಅವನ ಕೈ ಬಿಡಿಸಿ, ನೆತ್ತಿಗೆ ಬೆರಳಿನಿಂದ ಟಕ್ಕೆಂದು ಕುಟ್ಟಿದರು.

"ಹಿಂಗ ಕುಕ್ಕಿ ಓಡಸ್ತೈತಿ. ಏಳು, ಓಡು. ದ್ಯಾಮವ್ವ ಇನ್ನಾ ಮನಿ ಮುಟ್ಟಿರಂಗಿಲ್ಲ."