ಹಸಿರಾಗಲು ಒಪ್ಪದ ಟೆಸ್ಟ್

ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಪ್ರೋಗ್ರಾಮನ್ನು ಅದನ್ನು ಪರೀಕ್ಷಿಸಲೆಂದೇ ಬರೆದ ಒಂದು ಪುಟ್ಟ ಟೆಸ್ಟ್ ಕಾಯುತ್ತಿತ್ತು. ತಪ್ಪು ಕಂಡರೆ ಕೆಂಪು, ಇಲ್ಲದಿದ್ದರೆ ಹಸಿರು ತೋರಿಸುವುದಷ್ಟೇ ಅದರ ಕೆಲಸ. ಗಿರಾಕಿಗೆ ಲಿಫ್ಟ್ ಒಪ್ಪಿಸುವ ದಿನವೇ ಅದು ಕೆಂಪಾಗಿ ನಿಂತಿತು. ಅದು ಹಸಿರಾಗದೆ ಲಿಫ್ಟ್ ಒಪ್ಪಿಸುವಂತಿರಲಿಲ್ಲ.

“ದಾರಿ ಬಿಡು,” ಎಂದಿತು ಪ್ರೋಗ್ರಾಂ. “ನಿನ್ನೆ ಇಡೀ ದಿನ ಬಾಗಿಲು ತೆರೆದು ಮುಚ್ಚಿದ್ದೇನೆ, ಒಂದು ದೂರೂ ಬಂದಿಲ್ಲ.”

“ನಿನ್ನೆ ಕರೆಂಟ್ ಹೋಗಿರಲಿಲ್ಲ,” ಎಂದಿತು ಟೆಸ್ಟ್. “ಕರೆಂಟ್ ಹೋಗಿ ಬಂದರೆ ನೀನು ಹಿಂದೆ ಮುಂದೆ ನೋಡದೆ ಬಾಗಿಲು ಮುಚ್ಚುತ್ತೀಯ. ನಡುವೆ ಯಾರದಾದರೂ ಕೈ ಇದ್ದರೆ?”

“ಸರಿಯಾಗಿ ಅದೇ ಗಳಿಗೆಗೆ ಯಾರು ಕೈ ಇಡುತ್ತಾರೆ? ಹಠ ಮಾಡಿದರೆ ನಿನ್ನನ್ನೇ ಅಳಿಸಿಹಾಕುತ್ತಾರೆ.”

“ಅಳಿಸಲಿ. ಸುಳ್ಳು ಹಸಿರು ನನ್ನಿಂದ ಆಗದು.”

ಅಷ್ಟರಲ್ಲಿ, ಎರಡನ್ನೂ ಬರೆದ ಇಂಜಿನಿಯರ್ ಇಂದುಮತಿಗೆ ಮ್ಯಾನೇಜರ್ ಫೋನ್ ಮಾಡಿದರು. “ಆ ಟೆಸ್ಟ್ ತೆಗೆದುಬಿಡಮ್ಮ. ಇವತ್ತೇ ಕೊಡಬೇಕು.”

ಅವಳ ಬೆರಳು ಡಿಲೀಟ್ ಬಟನ್ ಮೇಲೆ ಬಂತು.

“ಒತ್ತಿ ಮೇಡಂ,” ಎಂದಿತು ಟೆಸ್ಟ್. “ಅವಸರವಿಲ್ಲದ ದಿನ ನನ್ನನ್ನು ಬರೆದವರೂ ನೀವೇ. ನಾನು ಹೋದರೆ ಪರದೆಯ ಮೇಲಿನ ಕೆಂಪು ಹೋಗುತ್ತದೆ. ಬಾಗಿಲ ಸಂದಿಯ ಕೈ ಅಲ್ಲೇ ಇರುತ್ತದೆ.”

ಇಂದುಮತಿ ಬೆರಳು ತೆಗೆದಳು. “ಇವತ್ತೇ ಕೊಡೋಣ ಸರ್,” ಎಂದಳು ಫೋನಿನಲ್ಲಿ. “ನೀವು ಬಂದು ಬಾಗಿಲ ನಡುವೆ ಕೈ ಇಡಿ. ನಾನು ಕರೆಂಟ್ ಆಫ್ ಮಾಡಿ ಆನ್ ಮಾಡ್ತೀನಿ.”



“ಸೋಮವಾರ ಕೊಟ್ಟರೂ ನಡೆಯುತ್ತೆ,” ಎಂದರು ಮ್ಯಾನೇಜರ್.