ರೆಕ್ಕೆಯ ಅಂಚು ದಾಟಿದ ಗೆರೆ

ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ಹಂಚಿನಮನಿ ಮಾಸ್ತರು ಎಂಬ ಗುರುಗಳಿದ್ದರು. ಮಹಾನಂದಾ ಅವರ ಶಿಷ್ಯೆ. ಈ ಗುರುಗಳು ವೇದ ಕಲಿಸುತ್ತಿರಲಿಲ್ಲ, ಬಿಲ್ಲುಬಾಣವನ್ನೂ ಕಲಿಸುತ್ತಿರಲಿಲ್ಲ. ಕಲ್ಲಿನಲ್ಲಿ ಅಚ್ಚೊತ್ತಿ ಉಳಿದ ಹುಳಗಳ ರೆಕ್ಕೆ ಓದುವುದನ್ನು ಕಲಿಸುತ್ತಿದ್ದರು. ಇದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯಬೇಡಿ. ಮಹಾನಂದಾಳ ಅಜ್ಜಿಯೂ ಮುರಿದಿದ್ದರು. ಭೂತಗನ್ನಡಿಯಲ್ಲಿ ಒಂದು ರೆಕ್ಕೆ ನೋಡಿದ ಮೇಲೆ, "ಯವ್ವಾ, ಇಂಥಾ ಜಾಳಿಗಿ ಯಾರು ಹೆಣದಾರ!" ಎಂದು ಕೈಮುಗಿದರು.

ಮಳೆಗಾಲದ ಸಂಜೆ ದೀಪದ ಬಳಿ ಎಳೆಹಸಿರು ಬಣ್ಣದ ಒಂದು ಹುಳ ಬಂದು ಕೂರುತ್ತದೆ, ನೀವೂ ನೋಡಿರುತ್ತೀರಿ. ಕಣ್ಣು ಬಂಗಾರದ ಬಣ್ಣ. ರೆಕ್ಕೆ ಬಲು ತೆಳು, ಅದರ ತುಂಬ ನರಗಳ ಜಾಲ. ಅದೇ ಹಸಿರು ಜಾಲರೆಕ್ಕೆ. ಉದ್ದಕ್ಕೆ ಕೆಲವು ನರ, ಅಡ್ಡಕ್ಕೆ ಕೆಲವು. ನರಗಳ ನಡುವೆ ಉಳಿಯುವ ಕಿಂಡಿಗೆ ಮಾಸ್ತರು 'ಮನಿ' ಎನ್ನುತ್ತಿದ್ದರು. ಯಾವ ಮನೆ ಎಲ್ಲಿದೆ, ಅದಕ್ಕೆ ಮೂರು ಮೂಲೆಯೋ ನಾಲ್ಕೋ, ಇದನ್ನು ನೋಡಿ ಹುಳದ ಜಾತಿ ಹೇಳುವುದು. ನಾವು ಮುಖ ನೋಡಿ ಇವನು ಇಂಥವರ ಮಗ ಎನ್ನುವುದಿಲ್ಲವೇ, ಹಾಗೆ.

ಮಾಸ್ತರ ಪಾಠವೆಲ್ಲ ಮೂರು ಮಾತಿನಲ್ಲಿ ಮುಗಿಯುತ್ತಿತ್ತು. "ಕಂಡದ್ದಕ್ಕ ಗೆರಿ ಎಳಿ. ಕಾಣದ್ದಕ್ಕ ಚುಕ್ಕಿ ಇಡು. ಮನಸ್ಸಿಗೆ ಬಂದದ್ದಕ್ಕ ಏನೂ ಇಡಬ್ಯಾಡ." ಕಲ್ಲು ಒಡೆದು ರೆಕ್ಕೆಯ ತುದಿ ಹೋಗಿದ್ದರೆ ಚಿತ್ರದಲ್ಲಿ ಅಲ್ಲಿ ಚುಕ್ಕಿಸಾಲು ಬರಬೇಕು. ಬದುಕಿರುವ ಹುಳವನ್ನು ನೋಡಿ ಆ ತುದಿಯನ್ನು ಚೆಂದವಾಗಿ ತುಂಬಿ ತಂದ ಹುಡುಗರು ಚೆನ್ನಾಗಿಯೇ ಬೈಸಿಕೊಂಡಿದ್ದರು.

ಬೈಗುಳ ಅಷ್ಟೇ, ಒಳಗೆ ಬೆಣ್ಣೆಯಂಥ ಮನುಷ್ಯ. ಮಹಾನಂದಾ ಹೊಸದಾಗಿ ಸೇರಿದಾಗ ಒಂದು ಹಳೆಯ ಕಲ್ಲನ್ನು ಕೈಜಾರಿ ಬೀಳಿಸಿ, ಹೆದರಿ ಅಳುತ್ತ ನಿಂತಿದ್ದಳು. ಮಾಸ್ತರು ಚೂರುಗಳನ್ನು ಆಯ್ದು ಅಂಟು ಹಚ್ಚಿ ಕೂಡಿಸಿ, "ಅಳಬ್ಯಾಡ, ಇದು ಮೊದಲಽ ಒಡಕಲ ಕಲ್ಲು" ಎಂದಿದ್ದರು. ಅದು ಒಡಕಲು ಆಗಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಅವಳ ಪಾಲಿಗೆ ಮಾಸ್ತರೆಂದರೆ ತಂದೆಗಿಂತ ಒಂದು ಕೈ ಹೆಚ್ಚು.

ಮಾಸ್ತರು ನಿವೃತ್ತರಾಗುವ ವರ್ಷ ಬಂತು. ಆಗಲೇ ಮಹಾನಂದಾಳಿಗೆ ಒಂದು ಕಲ್ಲಿನಲ್ಲಿ ಜಾಲರೆಕ್ಕೆ ಸಿಕ್ಕಿತು. ಎಂದೋ ಬತ್ತಿದ ಕೆರೆಯ ಕೆಸರು ಗಟ್ಟಿಯಾಗಿ ಆದ ಕಲ್ಲು ಅದು. ರೆಕ್ಕೆ ಸೌತೆಬೀಜದಷ್ಟು ಉದ್ದ. ಹಸಿರು ಹೋಗಿ ಕಂದು ಗೆರೆಗಳಷ್ಟೇ ಉಳಿದಿದ್ದವು. ಅದೇ ಕೆರೆಯ ಕಲ್ಲುಗಳಲ್ಲಿ ಮೊದಲು ಸಿಕ್ಕಿದ್ದ ಜಾತಿಗೆ ರೆಕ್ಕೆಯ ನಡುವೆ ಮೂರು ಮೂಲೆಯ ಒಂದೇ ಪುಟ್ಟ ಮನೆ. ಇದರಲ್ಲಿ ಅಡ್ಡನರವೊಂದು ಹೆಚ್ಚಿಗೆ ಹಾದು, ಆ ಮನೆ ಎರಡಾಗಿತ್ತು. ಅಂದರೆ ಇದು ಹೊಸ ಜಾತಿ! ಹೊಸ ಜಾತಿಯನ್ನು ಕಂಡವರಿಗೇ ಅದಕ್ಕೆ ಹೆಸರಿಡುವ ಹಕ್ಕು.

ಯಾರ ಹೆಸರು ಎಂದು ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಹುಳಕ್ಕ ನನ್ನ ಹೆಸರೇನು? ಎಂಥಾ ಹುಚ್ಚವ್ವಾ ನೀನು!" ಎಂದು ಮಾಸ್ತರು ನಕ್ಕರು. ನಕ್ಕವರು ಸುಮ್ಮನಿರಬೇಕಲ್ಲ. ಹಾಲಿನವನಿಗೆ ಹೇಳಿದರು, ಕ್ಷೌರದಂಗಡಿಯಲ್ಲಿ ಹೇಳಿದರು. ಜೀವಮಾನವೆಲ್ಲ ಬೇರೆಯವರ ಹೆಸರಿನ ಹುಳಗಳನ್ನು ಓದಿದವರು, ಪಾಪ. ರವಿವಾರ ಕಾಲೇಜಿನ ಸಭೆಯಲ್ಲಿ ಹೆಸರು ಸಾರುವುದು, ಮರುದಿನ ಚಿತ್ರ ಮತ್ತು ಲೇಖನವನ್ನು ಅಚ್ಚಿಗೆ ಕಳಿಸುವುದು ಎಂದು ನಿಶ್ಚಯವಾಯಿತು.

ಆ ವಾರದ ನಡುವೆ ಒಂದು ದಿನ ಮಾಸ್ತರು ಅವಳ ಮೇಜಿನ ಬಳಿ ಬಂದು ನಿಂತರು.

"ತಂಗಿ, ಕಲ್ಲನ್ನ ಎಲ್ಲಾ ಬೆಳಕಿನ್ಯಾಗೂ ಹೊಳ್ಳಿಸಿ ನೋಡೀಯಲ್ಲ?"

"ನೋಡೇನ್ರಿ ಸರ್ರ."

ಮಾಸ್ತರು ಮುಂದೆ ಏನೋ ಹೇಳಹೋಗಿ ಅವಳ ಅರಳಿದ ಮುಖ ನೋಡಿದರು. ಅವಳ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆಯನ್ನು ಮುರಿದು ಬಾಯಿಗೆ ಹಾಕಿಕೊಂಡರು. ಬಾಯಿ ತುಂಬಿದ ಮೇಲೆ ಮಾತು ಎಲ್ಲಿಂದ ಬರಬೇಕು?

ಶನಿವಾರ ಸಂಜೆ ಕರೆಂಟು ಹೋಯಿತು. ಚಿತ್ರಕ್ಕೆ ಕೊನೆಯ ಕೈ ಹಾಕಬೇಕೆಂದು ಮಹಾನಂದಾ ಕಲ್ಲನ್ನು ಪಡುವಣ ಕಿಟಕಿಗೆ ಒಯ್ದಳು. ಮುಳುಗುವ ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿತ್ತು. ಅವಳು ಭೂತಗನ್ನಡಿ ತಂದು ಮತ್ತೆ ನೋಡಿದಳು.

ರೆಕ್ಕೆಯ ನರ ರೆಕ್ಕೆಯ ಅಂಚಿಗೆ ನಿಲ್ಲಬೇಕು. ಈ ಗೆರೆ ನಿಲ್ಲಲಿಲ್ಲ. ಪುಟ್ಟ ಮನೆಯನ್ನು ಸೀಳಿ, ಮುಂದಿನ ನರಗಳನ್ನು ದಾಟಿ, ರೆಕ್ಕೆಯ ಅಂಚನ್ನೂ ದಾಟಿ ಬರೀ ಕಲ್ಲಿನ ಮೇಲೆ ಹೋಗಿತ್ತು. ಇಷ್ಟು ದಿನ ಮೇಲಿನಿಂದ ಬೀಳುವ ದೀಪದ ಬೆಳಕಿನಲ್ಲಿ ಕಂದು ಬಣ್ಣ ಹತ್ತಿದ ತುಣುಕಷ್ಟೇ ಕಂಡಿತ್ತು. ಅದು ನರವಲ್ಲ, ಕಲ್ಲಿನ ಬಿರುಕು. ಹುಳವೂ ಹೊಸದಲ್ಲ, ಹಳೆಯದೇ.

ಮಹಾನಂದಾಳಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಮಾಸ್ತರ ಮುಖ ಬಾಡುತ್ತದೆ. ಹಾಲಿನವನ ಮುಂದೆ, ಊರಿನ ಮುಂದೆ ನಗೆಪಾಟಲು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಕಲ್ಲಾದ ಹುಳವೇನು ಎದ್ದು ಬಂದು ತಕರಾರು ಹೇಳುವುದಿಲ್ಲ. ಚಿತ್ರದಲ್ಲಿ ಆ ಗೆರೆ ಅಂಚಿನ ಒಳಗೇ ಇತ್ತು, ನೋಡಲು ಎಷ್ಟು ಚೆಂದವಿತ್ತು! ಹೆತ್ತವರಿಗೆ ಹೆಗ್ಗಣವೂ ಮುದ್ದಲ್ಲವೇ.

ಆದರೆ ಚಿತ್ರದ ಅಡಿಯಲ್ಲಿ ಹೆಸರು ಬರೆಯಲು ಪೆನ್ಸಿಲು ಹಿಡಿದಾಗ ಕೈ ಏಳಲಿಲ್ಲ. ಕಾಣದ ಕಡೆಯೆಲ್ಲ ಚುಕ್ಕಿ ಇಡಿಸಿದ ಮನುಷ್ಯ ಅವರು. ಅವರ ಹೆಸರನ್ನು ಇಲ್ಲದ ನರವೊಂದಕ್ಕೆ ಹೇಗೆ ತೂಗುಹಾಕುವುದು? ಅವಳು ಪೆನ್ಸಿಲು ಕೆಳಗಿಟ್ಟಳು.

ರವಿವಾರ ಬೆಳಗ್ಗೆ ಕಲ್ಲನ್ನು ಅರಿವೆಯಲ್ಲಿ ಸುತ್ತಿಕೊಂಡು ಮಾಸ್ತರ ಮನೆಗೆ ಹೋದಳು. ಮಾಸ್ತರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಒಳಗೆ ಅವರ ಹೆಂಡತಿ ಗೌರಕ್ಕ ರೇಷ್ಮೆ ಜುಬ್ಬಾಕ್ಕೆ ಇಸ್ತ್ರಿ ಮಾಡುತ್ತಿದ್ದರು. ಅದನ್ನು ನೋಡಿಯೂ ಹುಡುಗಿ ಅರಿವೆ ಬಿಚ್ಚಿದಳು. ಕಲ್ಲನ್ನು ಎಳೆಬಿಸಿಲಿಗೆ ಓರೆಯಾಗಿ ಹಿಡಿದಳು.

"ಸರ್ರ, ಇದು ನರ ಅಲ್ರಿ. ಬಿರುಕು ಐತ್ರಿ. ನಿಮ್ಮ ಹೆಸರು ಇಡಾಕ ಬರೂದಿಲ್ರಿ."

ಮಾಸ್ತರು ಕಲ್ಲಿನ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡಿದರು.

"ನನಗ ಗೊತ್ತಿತ್ತವ್ವಾ," ಎಂದರು. "ಮೊನ್ನೆ ನೀ ಊಟಕ್ಕ ಹೋದಾಗ ಕಿಟಕಿಗೆ ಹಿಡದು ನೋಡಿದ್ದೆ. ಹೇಳಬೇಕಂತ ಬಂದೆ. ನಿನ್ನ ಮಾರಿ ಮ್ಯಾಲಿನ ಖುಷಿ ನೋಡಿ ಬಾಯಿ ಬರಲಿಲ್ಲ. ನನ್ನ ಸಲುವಾಗಿ ಇಷ್ಟು ಪ್ರೀತಿಲೆ ಮಾಡಾಕತ್ತಾಳ, ಮನಸು ಮುರೀಬಾರದು ಅಂತ ಸುಮ್ಮನಾದೆ."

ಮಹಾನಂದಾ ಗುರುಗಳ ಮುಂದೆ ಎಂದೂ ದನಿ ಎತ್ತಿದವಳಲ್ಲ. ಅಂದು ಎತ್ತಿದಳು.

"ಹಂಗಾರ ನಾ ಅದನ್ನ ಕಳಿಸಿಬಿಟ್ಟಿದ್ರ, ಸರ್ರ? ನಾಳೆ ಮತ್ಯಾರರ ಈ ಕಲ್ಲು ಹೊಳ್ಳಿಸಿ ನೋಡಿ, ಬಿರುಕಿಗೂ ನರಕ್ಕೂ ಫರಕು ತಿಳೀದಾಕಿ ಅಂತ ಯಾರಿಗೆ ಅಂತಿದ್ರು?"

ಉತ್ತರ ಒಳಗಿನಿಂದ ಬಂತು.

"ಬರೋಬ್ಬರಿ ಕೇಳಿದಿ ನೋಡವ್ವಾ," ಎಂದರು ಗೌರಕ್ಕ. "ಇವರು ನಿನ್ನ ಮನಸು ಕಾಯ್ದರು, ನಿನ್ನ ಮಾನ ಕಾಯಲಿಲ್ಲ."

ಮಾಸ್ತರು ಕಣ್ಣೊರೆಸಿಕೊಂಡರು. "ತಪ್ಪಾತು. ನಾ ಹೇಳಬೇಕಾದ್ದನ್ನ ನೀ ಹೇಳಿದಿ. ನಡಿ, ಸಭಾಕ್ಕ ಹೋಗೂಣು." ನಂತರ ಒಳಗೆ ತಿರುಗಿ, "ಆ ಜುಬ್ಬಾ ಕೊಡು ಇಲ್ಲೆ. ಇಸ್ತ್ರಿ ಮಾಡಿದ್ದು ಹಾಳಾಗೂದು ಬ್ಯಾಡ" ಎಂದರು.

ಸಭೆಯಲ್ಲಿ ಮಹಾನಂದಾ ಎದ್ದು ಇದ್ದದ್ದನ್ನು ಇದ್ದಂತೆ ಹೇಳಿದಳು. ಜನ ಗುಜುಗುಜು ಎಂದಿತು. ಆಗ ಮಾಸ್ತರು ರೇಷ್ಮೆ ಜುಬ್ಬಾದಲ್ಲಿ ಎದ್ದು ನಿಂತು, ತಾವು ಸುಮ್ಮನಿದ್ದದ್ದನ್ನೂ ಹೇಳಿದರು. ಹುಡುಗರನ್ನೆಲ್ಲ ಕಿಟಕಿಯ ಬಳಿ ಸಾಲಾಗಿ ನಿಲ್ಲಿಸಿ ಕಲ್ಲನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಪ್ರತಿ ಹುಡುಗನೂ ಆ ಗೆರೆಯ ಉದ್ದಕ್ಕೂ ಬೆರಳು ಆಡಿಸಿ ರೆಕ್ಕೆಯ ಅಂಚಿನ ಆಚೆಯವರೆಗೆ ಹೋಗಿ ಬಂದ. ಚಿತ್ರದಲ್ಲಿದ್ದ ಆ ಗೆರೆಯನ್ನು ಮಹಾನಂದಾ ಎಲ್ಲರೆದುರು ಅಳಿಸಿದಳು. ಎರಡಾಗಿದ್ದ ಮನೆ ಮತ್ತೆ ಒಂದಾಯಿತು.

ಹುಳಕ್ಕೆ ಮಾಸ್ತರ ಹೆಸರು ಬರಲಿಲ್ಲ. ಆದರೆ ಆ ಕಾಲೇಜಿನ ಹುಡುಗರು ಅಂದಿನಿಂದ, ನರದಂತೆ ಕಂಡು ರೆಕ್ಕೆಯ ಅಂಚು ದಾಟಿ ಹೋಗುವ ಯಾವುದೇ ಬಿರುಕಿಗೆ 'ಹಂಚಿನಮನಿ ಗೆರಿ' ಎನ್ನತೊಡಗಿದರು. ಈಗ ಅಲ್ಲಿ ಪಾಠ ಹೇಳುವವಳು ಮಹಾನಂದಾ. "ಮೊದಲ ಹಂಚಿನಮನಿ ಗೆರಿ ಐತೇನ ನೋಡ್ರಿ, ಆಮ್ಯಾಲೆ ಪೆನ್ಸಿಲ್ ಹಿಡೀರಿ" ಎನ್ನುತ್ತಾಳೆ.

ಮಾಸ್ತರು ಇದನ್ನೂ ಹಾಲಿನವನಿಗೆ ಹೇಳದೆ ಬಿಡಲಿಲ್ಲ. "ಆ ಹುಳ ಇದ್ದದ್ದು ಒಂದಽ ಕಲ್ಲಿನ್ಯಾಗ," ಎಂದರು. "ಬಿರುಕು ಎಲ್ಲಾ ಕಲ್ಲಿನ್ಯಾಗೂ ಇರ್ತಾವ. ನನ್ನ ಹೆಸರು ಇನ್ನ ಎಲ್ಲೂ ಹೋಗೂದಿಲ್ಲ ಬಿಡೋ!"

ನೀತಿ: ಪ್ರೀತಿಪಾತ್ರರ ಮನಸ್ಸು ನೋಯುವುದೆಂದು ಅವರ ತಪ್ಪನ್ನು ಕಂಡೂ ಸುಮ್ಮನಿರಬೇಡಿ. ನಿಜ ಹೇಳಿದರೆ ಮನಸ್ಸು ಒಂದು ದಿನ ನೋಯುತ್ತದೆ, ಮುಚ್ಚಿಟ್ಟರೆ ಮಾನವೇ ಹೋಗುತ್ತದೆ.